ಪುಟ್ಟ ಕೈಗಳಿಗೆ ಎಟುಕಲಿ ಪುಸ್ತಕ

ಯಾವುದಾದರೊಂದು ಪ್ರಾಥಮಿಕ ಶಾಲೆಗೆ ಹೋಗಿ, “ನಿಮ್ಮಲ್ಲಿ ಗ್ರಂಥಾಲಯ ಉಂಟೇ?” ಎಂದು ಕೇಳಿ ನೋಡಿ. “ಇಲ್ಲ” ಎನ್ನುವ ಮುಖ್ಯೋಪಾಧ್ಯಾಯರು ಈಗ ವಿರಳ. ಅನೇಕ ಕಡೆಗಳಲ್ಲಿ ನಿಮ್ಮನ್ನು ಅವರ ಕೊಠಡಿಗೇ ಕರೆದೊಯ್ದು, ಮೂಲೆಯಲ್ಲಿ ನಿಂತ ಒಂದು ಉಕ್ಕಿನ ಬೀರುವನ್ನು ತೋರಿಸುತ್ತಾರೆ. ಅದರೊಳಗೆ ಪುಸ್ತಕಗಳಿವೆ, ಒಳ್ಳೆಯ ಪುಸ್ತಕಗಳೂ ಇವೆ. ದಾಸ್ತಾನು ವಹಿಯಲ್ಲಿ ಅವುಗಳ ಹೆಸರು, ಬೆಲೆ, ಬಂದ ತಾರೀಖು ಎಲ್ಲವೂ ಕ್ರಮವಾಗಿ ನಮೂದಾಗಿವೆ. ಬೀರುವಿಗೆ ಬೀಗ ಬಿದ್ದಿದೆ; ಬೀಗದ ಕೈ ಮೇಜಿನ ಡ್ರಾಯರಿನಲ್ಲಿದೆ. ಮಕ್ಕಳು ಆ ಬೀರುವನ್ನು ದಿನವೂ ನೋಡುತ್ತಾರೆ, ದೇವಸ್ಥಾನದ ಹುಂಡಿಯನ್ನು ನೋಡುವ ಹಾಗೆ: ಒಳಗೆ ಬೆಲೆಬಾಳುವುದೇನೋ ಇದೆ, ಆದರೆ ಅದು ತಮ್ಮದಲ್ಲ.

ಇದಕ್ಕೆ ಉಪಾಧ್ಯಾಯರ ಸೋಮಾರಿತನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಹಾಗೆ ಹೇಳುವುದು ನ್ಯಾಯವಲ್ಲ. ಪುಸ್ತಕವೊಂದು ಕಳೆದುಹೋದರೆ ಲೆಕ್ಕ ಕೇಳುವವರು ಇದ್ದಾರೆ. ವರ್ಷವಿಡೀ ಯಾರೂ ಒಂದು ಪುಸ್ತಕವನ್ನೂ ಓದಲಿಲ್ಲವೆಂದರೆ ಲೆಕ್ಕ ಕೇಳುವವರು ಯಾರೂ ಇಲ್ಲ. ಹೀಗಿರಲು ಯಾರೂ ಮುಟ್ಟದ ಪುಸ್ತಕವೇ ಎಲ್ಲಕ್ಕಿಂತ ಕ್ಷೇಮವಾದ ಪುಸ್ತಕವೆಂದು ಬಡ ಉಪಾಧ್ಯಾಯರು ಭಾವಿಸಿದರೆ ಆಶ್ಚರ್ಯವೇನು?

ಆದರೆ ಇದರಿಂದ ನಷ್ಟವಾಗುವುದು ಮಗುವಿಗೆ. ಆರರಿಂದ ಹತ್ತು ವರ್ಷದವರೆಗಿನ ಅವಧಿಯಲ್ಲಿ ಮಗು ಅಕ್ಷರಗಳನ್ನು ಕೂಡಿಸುವುದನ್ನು ಕಲಿತು, ಬಳಿಕ ಅರ್ಥಕ್ಕಾಗಿ, ಆಮೇಲೆ ಸಂತೋಷಕ್ಕಾಗಿ ಓದುವ ಹಂತಕ್ಕೆ ದಾಟಬೇಕು. ಈ ದಾಟುವಿಕೆ ಪಠ್ಯಪುಸ್ತಕವೊಂದರಿಂದಲೇ ಆಗುವುದು ಕಷ್ಟ. ಈಜು ಕಲಿಯುವವನಿಗೆ ನೀರು ಎಷ್ಟು ಬೇಕೋ ಓದು ಕಲಿಯುವವನಿಗೆ ಅಷ್ಟು ಪುಸ್ತಕ ಬೇಕು. ಚೊಂಬಿನ ನೀರಿನಲ್ಲಿ ಯಾರೂ ಈಜು ಕಲಿತಿಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಸರಾಗವಾಗಿ ಓದಬಲ್ಲವರು 2018ರಲ್ಲಿ ಶೇಕಡ 27.3ರಷ್ಟಿದ್ದರು. ಶಾಲೆಗಳು ಮುಚ್ಚಿದ ಮಹಾಮಾರಿಯ ಕಾಲದ ಬಳಿಕ, 2022ರಲ್ಲಿ, ಈ ಪ್ರಮಾಣ 20.5ಕ್ಕೆ ಕುಸಿಯಿತು, 2024ರಲ್ಲಿ ಮತ್ತೆ 27.1ಕ್ಕೆ ಏರಿತು. ಏರಿದ್ದು ಸಂತೋಷವೇ. ಆದರೂ ನಾಲ್ವರಲ್ಲಿ ಸುಮಾರು ಮೂವರು ಮಕ್ಕಳು ಇನ್ನೂ ಹೊಸ್ತಿಲಿನ ಹೊರಗೇ ನಿಂತಿದ್ದಾರೆಂಬುದನ್ನು ಮರೆಯುವಂತಿಲ್ಲ.

ಪಟ್ಟಣದ ಮಧ್ಯಮವರ್ಗದ ಮನೆಗಳಲ್ಲಿ ಕಷ್ಟ ಬೇರೊಂದು ರೂಪದಲ್ಲಿದೆ. ಅಲ್ಲಿನ ಮಗು ಪರೀಕ್ಷೆಗೆ ಬೇಕಾದಷ್ಟನ್ನು ಚೆನ್ನಾಗಿಯೇ ಓದುತ್ತದೆ. ಪರೀಕ್ಷೆ ಮುಗಿದೊಡನೆ ಓದೂ ಮುಗಿಯಿತು! ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನಂಥವರಿಗೆ ಇದರ ಫಲ ಹದಿನೆಂಟನೆಯ ವಯಸ್ಸಿನ ವಿದ್ಯಾರ್ಥಿಗಳಲ್ಲಿ ಕಾಣುತ್ತದೆ. ಬುದ್ಧಿವಂತರು, ವಿನಯವಂತರು; ಆದರೆ ತಮ್ಮ ಇಷ್ಟದಿಂದ ಆರಿಸಿಕೊಂಡು ಕೊನೆಯ ಪುಟದವರೆಗೆ ಓದಿದ ಪುಸ್ತಕ ಯಾವುದೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೆ ಆಗ ಹೊಸದಾಗಿ ಓದಿನ ರುಚಿ ಹತ್ತಿಸುವುದು ಅಸಾಧ್ಯವಲ್ಲ; ಆದರೆ ಹತ್ತು ವರ್ಷ ತಡವಾಗಿರುತ್ತದೆ.

ಆದುದರಿಂದ ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಒಂದೇ. ಪುಟ್ಟ ಮಕ್ಕಳ ಗ್ರಂಥಾಲಯಕ್ಕೆ ಮುಖ್ಯವಾಗಿ ಬೇಕಾದುವು ಎರಡು: ಬೀಗ ತೆಗೆದು, ಪುಸ್ತಕವನ್ನು ಕೈಗಿತ್ತು, ಪಕ್ಕದಲ್ಲಿ ಕುಳಿತು ಓದಿಹೇಳುವ ಒಬ್ಬ ಮನುಷ್ಯ, ಅದಕ್ಕೆಂದೇ ಮೀಸಲಾದ ಒಂದು ಗಂಟೆ. ಕಟ್ಟಡ, ಪೀಠೋಪಕರಣ, ಕಂಪ್ಯೂಟರ್ ಮುಂತಾದುವೆಲ್ಲ ಆಮೇಲಿನ ಮಾತು.

ಸಂಕೋಲೆಯಿಂದ ಬಿಡುಗಡೆ

ಪುಸ್ತಕಕ್ಕೆ ಬೀಗ ಹಾಕುವ ಬುದ್ಧಿ ನಮ್ಮ ಶಾಲೆಗಳಲ್ಲಿ ಹುಟ್ಟಿದುದಲ್ಲ. ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಣಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರಿಫರ್ಡ್ ಕೆಥೀಡ್ರಲ್ಲಿನಲ್ಲಿ ಅಂಥ ಸಂಕೋಲೆ ತೊಟ್ಟ ಗ್ರಂಥಗಳನ್ನು ಇಂದಿಗೂ ನೋಡಬಹುದು. ಕೈಯಿಂದ ಬರೆದ ಒಂದೊಂದು ಪ್ರತಿಯೂ ಒಂದು ಆಸ್ತಿಯಾಗಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಮುದ್ರಣಯಂತ್ರ ಬಂದು ಶತಮಾನಗಳಾದ ಮೇಲೂ ಆ ಮನೋಭಾವ ಉಳಿದುಕೊಂಡದ್ದು ವಿಚಿತ್ರ.

ಈ ಮನೋಭಾವಕ್ಕೆ ನಮ್ಮ ದೇಶದಲ್ಲಿ ಸ್ಪಷ್ಟವಾಗಿ ಸವಾಲೆಸೆದವರು ಎಸ್. ಆರ್. ರಂಗನಾಥನ್. ಅವರು 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದವರು. ವೃತ್ತಿಯಿಂದ ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದಾಗ ಆ ಏಕಾಂತದ ಕೆಲಸ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲವಂತೆ. ಅದೇ ವರ್ಷ ತರಬೇತಿಗಾಗಿ ಲಂಡನ್ನಿಗೆ ಹೋದರು. ಅಲ್ಲಿಂದ ಬಂದವರು ಬೇರೆಯೇ ಮನುಷ್ಯರಾಗಿದ್ದರು. ಅಲ್ಲಿ ಅವರು ಹೆಚ್ಚಾಗಿ ಅಭ್ಯಾಸ ನಡೆಸಿದ್ದು ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ. ಅಲ್ಲಿನ ಮುಖ್ಯ ಗ್ರಂಥಪಾಲ ಬರ್ವಿಕ್ ಸೇಯರ್ಸ್ ಮಕ್ಕಳ ಗ್ರಂಥಾಲಯಗಳ ವಿಷಯದಲ್ಲಿ ಪುಸ್ತಕವನ್ನೇ ಬರೆದಿದ್ದ ತಜ್ಞರು.

1931ರಲ್ಲಿ ರಂಗನಾಥನ್ ಗ್ರಂಥಾಲಯ ಶಾಸ್ತ್ರದ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದರು. ಮೊದಲನೆಯ ಸೂತ್ರದ ತಾತ್ಪರ್ಯವಿಷ್ಟೆ: ಪುಸ್ತಕ ಇರುವುದು ಬಳಸುವುದಕ್ಕಾಗಿ. ಕೇಳುವುದಕ್ಕೆ ಎಳೆಯರ ಮಾತಿನಷ್ಟು ಸರಳ; ಆದರೆ ಇದನ್ನು ಒಪ್ಪಿದರೆ ಬೀರುವಿನ ಬೀಗ ನಿಲ್ಲುವುದಿಲ್ಲ. ಉಳಿದ ಸೂತ್ರಗಳಲ್ಲಿ ಎರಡು, ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಭಾವವುಳ್ಳವು. ಹೀಗೆ ಪುಸ್ತಕಕ್ಕೂ ಓದುಗನಿಗೂ ಸಂಬಂಧ ಕುದುರಿಸುವ ದಲ್ಲಾಳಿಯೇ ಗ್ರಂಥಪಾಲ. ಅದೇ 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಿಂದ ಎತ್ತಿನ ಗಾಡಿಯೊಂದು ಪುಸ್ತಕ ಹೇರಿಕೊಂಡು ಸುತ್ತಲ ಹಳ್ಳಿಗಳಿಗೆ ಹೊರಟಿತು. ಓದುಗ ಬಾರದಿದ್ದರೆ ಪುಸ್ತಕವೇ ಅವನಿದ್ದಲ್ಲಿಗೆ ಹೋಗಬೇಕೆಂಬ ತತ್ತ್ವ ಅಲ್ಲಿ ಗಾಲಿಯ ಮೇಲೆ ನಡೆಯಿತು.

ರಂಗನಾಥನ್ ನಮ್ಮವರೂ ಹೌದು. ಬೆಂಗಳೂರಿನಲ್ಲಿ 1962ರಲ್ಲಿ ಆರಂಭವಾದ ಗ್ರಂಥಾಲಯ ಶಾಸ್ತ್ರದ ಸಂಶೋಧನ ಮತ್ತು ತರಬೇತಿ ಕೇಂದ್ರಕ್ಕೆ ಅವರೇ ಜೀವ. ತಮ್ಮ ಕೊನೆಯ ವರ್ಷಗಳನ್ನು ಅವರು ಈ ಊರಿನಲ್ಲಿಯೇ ಕಳೆದು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸಿ ಅವರ ಭಾವಚಿತ್ರಕ್ಕೆ ಹಾರ ಹಾಕುವ ಶಾಲೆಗಳು, ಆ ದಿನವಾದರೂ ಬೀರುವಿನ ಬೀಗ ತೆಗೆದರೆ ಅವರ ಆತ್ಮಕ್ಕೆ ಹಾರಕ್ಕಿಂತ ಹೆಚ್ಚು ತೃಪ್ತಿಯಾದೀತು.

‘ನಿಶ್ಶಬ್ದ’ ಫಲಕ ಇಳಿದಾಗ

ದೊಡ್ಡವರಿಗೆ ಗ್ರಂಥಾಲಯದ ಬಾಗಿಲು ತೆರೆದ ಮೇಲೂ ಮಕ್ಕಳಿಗೆ ಅದು ಬಹುಕಾಲ ತೆರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹನ್ನೆರಡೋ ಹದಿನಾಲ್ಕೋ ವರ್ಷ ತುಂಬದವರಿಗೆ ಪುಸ್ತಕ ಕೊಡದ ಸಾರ್ವಜನಿಕ ಗ್ರಂಥಾಲಯಗಳು ಎಷ್ಟೋ ಇದ್ದುವು. ಮಕ್ಕಳು ಗದ್ದಲ ಮಾಡುತ್ತಾರೆ, ಕೈ ಕೊಳೆಯಾಗಿರುತ್ತದೆ, ಪುಟ ಹರಿಯುತ್ತಾರೆ ಎಂಬುದು ಅವರ ವಾದ.

ಈ ಗೋಡೆಯನ್ನು ಒಡೆದವರಲ್ಲಿ ಆ್ಯನ್ ಕ್ಯಾರಲ್ ಮೂರ್ ಎಂಬ ಮಹಿಳೆ ಸ್ಮರಣೀಯರು. 1896ರಲ್ಲಿ ಬ್ರೂಕ್ಲಿನ್‌ನ ಪ್ರ್ಯಾಟ್ ಸಂಸ್ಥೆಯ ಗ್ರಂಥಾಲಯದಲ್ಲಿ, ಮಕ್ಕಳಿಗಾಗಿಯೇ ರೂಪಿಸಿದ ಕೊಠಡಿಯ ಹೊಣೆ ಅವರ ಪಾಲಿಗೆ ಬಂತು: ಮಕ್ಕಳ ಎತ್ತರಕ್ಕೆ ತಕ್ಕ ಕುರ್ಚಿ ಮೇಜುಗಳು, ಪುಟ್ಟ ಕೈಗೆ ಎಟುಕುವ ಕಪಾಟುಗಳು. 1906ರಲ್ಲಿ ಅವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗಗಳಿಗೆಲ್ಲ ಮುಖ್ಯಸ್ಥರಾದರು, ‘ನಿಶ್ಶಬ್ದ’ ಎಂಬ ದೊಡ್ಡ ಫಲಕಗಳನ್ನು ಇಳಿಸಿದರು, ಕಥಾಸಮಯಗಳನ್ನು ಏರ್ಪಡಿಸಿದರು. ಪುಸ್ತಕವನ್ನು ಮನೆಗೆ ಒಯ್ಯಬೇಕೆನ್ನುವ ಮಗು ಒಂದು ದೊಡ್ಡ ವಹಿಯಲ್ಲಿ ತನ್ನ ಹೆಸರನ್ನು ತಾನೇ ಬರೆಯಬೇಕು. ಪುಸ್ತಕವನ್ನು ಜೋಪಾನ ಮಾಡುತ್ತೇನೆ, ನಿಯಮ ಪಾಲಿಸುತ್ತೇನೆ ಎಂದು ಮಾತು ಕೊಡಬೇಕು. ಬೀಗದ ಜಾಗದಲ್ಲಿ ಮಗುವಿನ ಮಾತನ್ನು ಇಟ್ಟದ್ದು ಇಲ್ಲಿನ ವಿಶೇಷ. ತನ್ನನ್ನು ನಂಬಿದವರ ಮುಂದೆ ಮಗು ತಾನಾಗಿ ಜವಾಬ್ದಾರನಾಗುತ್ತದೆ.

ಅದೇ ನ್ಯೂಯಾರ್ಕಿನ ಇನ್ನೊಂದು ಕಥೆ ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ್ದು. 1921ರಲ್ಲಿ ಹಾರ್ಲೆಮ್ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಪೂರಾ ಬೆಲ್‌ಪ್ರೆ ಎಂಬ ಪೋರ್ಟೊರಿಕೊ ದ್ವೀಪದ ತರುಣಿ ಸಹಾಯಕಳಾಗಿ ಸೇರಿದಳು. ಕಪಾಟಿನ ತುಂಬ ನಾನಾ ದೇಶದ ಕಥೆಗಳಿದ್ದುವು. ತಾನು ಅಜ್ಜಿಯ ಬಾಯಲ್ಲಿ ಕೇಳಿದ ತನ್ನ ದ್ವೀಪದ ಕಥೆ ಒಂದೂ ಇರಲಿಲ್ಲ. ಆಕೆ ಸುಮ್ಮನಾಗಲಿಲ್ಲ. ಮಾರ್ತಿನಾ ಎಂಬ ಜಿರಲೆಯೂ ಪೆರೆಸ್ ಎಂಬ ಇಲಿಯೂ ಮದುವೆಯಾದ ಕಥೆಯನ್ನು ಮಕ್ಕಳಿಗೆ ಹೇಳತೊಡಗಿದಳು. ಸ್ಪ್ಯಾನಿಷ್‌ನಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಹೇಳಿದಳು. ಬೊಂಬೆಗಳನ್ನು ಮಾಡಿ ಆಡಿಸಿದಳು. 1932ರಲ್ಲಿ ಆ ಕಥೆ ಪುಸ್ತಕವಾಗಿ ಹೊರಬಂತು. ಇಂಗ್ಲಿಷ್ ಬಾರದೆ ಗ್ರಂಥಾಲಯದ ಮೆಟ್ಟಿಲು ಹತ್ತಲು ಅಂಜುತ್ತಿದ್ದ ತಾಯಂದಿರೂ ಮಕ್ಕಳೊಡನೆ ಬರುವಂತಾಗಬೇಕೆಂಬುದು ಆಕೆಯ ಹಂಬಲ. 1996ರಿಂದ ಆಕೆಯ ಹೆಸರಿನಲ್ಲಿ ಅಲ್ಲಿ ಮಕ್ಕಳ ಸಾಹಿತ್ಯಕ್ಕೆ ಒಂದು ಪ್ರಶಸ್ತಿಯೇ ನಡೆದುಬಂದಿದೆ. ಮಗುವಿಗೆ ತನ್ನ ಮನೆಯ ಮಾತಿನ ಕಥೆ ಪುಸ್ತಕದಲ್ಲಿ ಕಂಡಾಗ ಗ್ರಂಥಾಲಯ ತನ್ನದೆನ್ನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮೊದಲು ಕಥೆ, ಆಮೇಲೆ ಪುಸ್ತಕ

“ಅವೆಲ್ಲ ಹಣವಂತ ದೇಶಗಳ ಮಾತು, ನಮ್ಮಲ್ಲಿ ನಡೆಯುವುದುಂಟೇ?” ಎಂದು ಕೇಳುವವರಿಗೆ ನಮ್ಮ ದೇಶದಲ್ಲೇ ಉತ್ತರವಿದೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರಿದ್ದರು. ವಕೀಲಿಯನ್ನು ಬಿಟ್ಟು ಮಕ್ಕಳ ಶಿಕ್ಷಣಕ್ಕೆ ಬಂದ ಅವರು 1920ರಲ್ಲಿ ಅಲ್ಲಿನ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ತೆರೆದರು. ಮಕ್ಕಳಿಗೆ ಅವರು ಎಷ್ಟು ಹತ್ತಿರವಾದರೆಂದರೆ ಜನ ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು.

ತಮ್ಮ ಅನುಭವವನ್ನೆಲ್ಲ ಅವರು ‘ದಿವಾಸ್ವಪ್ನ’ ಎಂಬ ಕಥಾರೂಪದ ಪುಸ್ತಕದಲ್ಲಿ ಇಳಿಸಿದ್ದಾರೆ. ಅದರ ನಾಯಕ ಒಬ್ಬ ಉಪಾಧ್ಯಾಯ. ನಾಲ್ಕನೆಯ ತರಗತಿಯೊಂದನ್ನು ಒಂದು ವರ್ಷದ ಪ್ರಯೋಗಕ್ಕಾಗಿ ಬೇಡಿ ಪಡೆಯುತ್ತಾನೆ. ಮೊದಲ ದಿನ ಮಕ್ಕಳನ್ನು ಶಾಂತವಾಗಿ ಕೂರಿಸಲು ಹೋಗಿ ಸಂಪೂರ್ಣ ಸೋಲುತ್ತಾನೆ. ಮರುದಿನ ಒಂದು ಕಥೆಯನ್ನು ಆರಂಭಿಸುತ್ತಾನೆ. ಗದ್ದಲದ ತರಗತಿ ಕಿವಿಯಾಗುತ್ತದೆ. ಕಥೆ ದಿನಗಟ್ಟಲೆ ಸಾಗುತ್ತದೆ. ಕಥೆಯ ಹಸಿವು ಚೆನ್ನಾಗಿ ಕೆರಳಿದ ಮೇಲೆ, ಕಥೆಗಳು ಪುಸ್ತಕದಲ್ಲಿಯೂ ಇವೆಯೆಂದು ತೋರಿಸುತ್ತಾನೆ. ಎಲ್ಲರೂ ಒಂದೇ ಪಠ್ಯಪುಸ್ತಕವನ್ನು ಕೊಳ್ಳುವ ಬದಲು ಆ ಹಣವನ್ನು ಒಟ್ಟುಗೂಡಿಸಿ ಬೇರೆ ಬೇರೆ ಪುಸ್ತಕಗಳನ್ನು ತಂದು ತರಗತಿಯಲ್ಲಿಯೇ ಒಂದು ಗ್ರಂಥಾಲಯವನ್ನು ಕಟ್ಟುತ್ತಾನೆ. ಹೊಸ ಹಣ ಬೇಕಾಗಲಿಲ್ಲ. ಇದ್ದ ಹಣವನ್ನು ಬೇರೆ ರೀತಿಯಲ್ಲಿ ಖರ್ಚು ಮಾಡಿದುದಷ್ಟೆ.

ಈ ಕ್ರಮವನ್ನು ಗಮನಿಸಬೇಕು. ನಾವು ಸಾಮಾನ್ಯವಾಗಿ ಮಗುವಿನ ಮುಂದೆ ಮೊದಲು ಪುಸ್ತಕವನ್ನಿಟ್ಟು “ಓದು” ಎನ್ನುತ್ತೇವೆ. ಗಿಜುಭಾಯಿಯವರು ಮೊದಲು ಕಿವಿಯನ್ನು ಒಲಿಸಿಕೊಂಡರು, ಆಮೇಲೆ ಕಣ್ಣನ್ನು. ನಮ್ಮ ಹಿರಿಯರಿಗೂ ಇದು ತಿಳಿದಿತ್ತು. ಹರಿಕಥೆ, ತಾಳಮದ್ದಳೆ, ಗಮಕವಾಚನಗಳನ್ನು ಕೇಳಿ ಬೆಳೆದ ಎಷ್ಟೋ ಮಂದಿ ಓದಲು ಬರುವುದಕ್ಕೆ ಮೊದಲೇ ಕಾವ್ಯದ ರುಚಿ ಕಂಡಿದ್ದರು. ಅಕ್ಷರ ಅವರಿಗೆ ಪರಿಚಿತವಾದ ಮನೆಯ ಬಾಗಿಲಾಗಿತ್ತು.

ನಮ್ಮ ನಾಡಿನ ಸ್ಥಿತಿ

ಕನ್ನಡ ನಾಡಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿಗೆ ಬಡತನವಿದೆಯೇ? ನೋಡೋಣ.

ಸಾಹಿತ್ಯಕ್ಕೆ ಬಡತನವಿಲ್ಲ. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆಯುವುದನ್ನು ದೊಡ್ಡವರ ಕೆಲಸವನ್ನಾಗಿ ಮಾಡಿದರು. ಕುವೆಂಪು ಅವರ ಕಿಂದರಿಜೋಗಿ, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ತಲೆಮಾರುಗಳ ನಾಲಗೆಯ ಮೇಲೆ ಕುಣಿದಿವೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಒಬ್ಬರೇ ಕುಳಿತು ‘ಬಾಲಪ್ರಪಂಚ’ವೆಂಬ ಮಕ್ಕಳ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ರಚಿಸಿದರು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರತಂದಿದೆ. 2015ರಿಂದ ‘ಸ್ಟೋರಿವೀವರ್’ ಎಂಬ ಅಂತರಜಾಲ ಭಂಡಾರದಲ್ಲಿ ಅಂಥ ಕಥೆಗಳನ್ನು ಉಚಿತವಾಗಿಯೂ ಒದಗಿಸಿದೆ.

ಕಾನೂನಿಗೂ ಬಡತನವಿಲ್ಲ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದು. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಕೂಡಿಸಲಾಗುತ್ತದೆ; ರೂಪಾಯಿಗೆ 6 ಪೈಸೆ. ಮನೆಯ ಕಂದಾಯ ಕಟ್ಟಿದ ರಸೀದಿಯನ್ನು ಒಮ್ಮೆ ತೆರೆದು ನೋಡಿ. ಆ ಬಾಬು ಅದರಲ್ಲಿ ಕಂಡೀತು. ಎಂದರೆ, ಪಟ್ಟಣದ ಪ್ರತಿಯೊಂದು ಮನೆಯವರೂ ಗ್ರಂಥಾಲಯಕ್ಕೆ ಆಗಲೇ ಚಂದಾ ಕಟ್ಟಿದವರು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯವನ್ನು ಎಲ್ಲರೂ ಬಲ್ಲರು. ಅದೇ ಉದ್ಯಾನದಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವೂ ಉಂಟೆಂಬುದು ಎಷ್ಟು ತಂದೆ ತಾಯಿಗಳ ಗಮನಕ್ಕೆ ಬಂದಿದೆಯೋ ತಿಳಿಯದು. ಇನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಪ್ರತಿ ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕು. ಅದರಲ್ಲಿ ಪತ್ರಿಕೆಗಳೂ ಕಥೆಪುಸ್ತಕಗಳೂ ಇರಬೇಕು. ಕಥೆಪುಸ್ತಕವೆಂಬ ಮಾತನ್ನು ಕಾಯಿದೆಯೇ ಬಾಯಿಬಿಟ್ಟು ಹೇಳಿರುವುದು ಗಮನಾರ್ಹ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆಂದು ವರ್ಷಕ್ಕೆ 5,000 ರೂಪಾಯಿಯಿಂದ ಮೇಲ್ಪಟ್ಟು ಅನುದಾನವನ್ನೂ ಗೊತ್ತುಮಾಡಲಾಯಿತು.

ಹಳ್ಳಿಗಳ ಕಡೆ ಒಂದು ಆಶಾದಾಯಕ ಬೆಳವಣಿಗೆಯೂ ನಡೆದಿದೆ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದುವು. ಇವುಗಳ ಸಂಖ್ಯೆ 5,600ಕ್ಕೂ ಹೆಚ್ಚು. 2020ರ ನವೆಂಬರಿನಲ್ಲಿ, ಶಾಲೆಗಳು ಇನ್ನೂ ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವವನ್ನು ಉಚಿತವಾಗಿ ನೀಡಲಾಯಿತು. ಬಳಿಕ ಅವುಗಳಿಗೆ ‘ಅರಿವು ಕೇಂದ್ರ’ಗಳೆಂಬ ಹೆಸರು ಬಂತು. ಮೇಲ್ವಿಚಾರಕರು ಹುರುಪಿನವರಾದ ಕಡೆ ಮಕ್ಕಳಿಂದ ಗಟ್ಟಿಯಾಗಿ ಓದಿಸುವುದು, ಕಥೆ ಹೇಳಿಸುವುದು, ಚದುರಂಗ, ಚಿತ್ರ ಬಿಡಿಸುವುದು ಮುಂತಾದುವು ನಡೆದುವು. ಗೋಡೆಗಳು ಬಣ್ಣ ಕಂಡುವು. ಹಿಂದೆ ದಿನಪತ್ರಿಕೆ ನೋಡಲು ಬರುವ ಹಿರಿಯರ ತಾಣವಾಗಿದ್ದ ಕೊಠಡಿಯಲ್ಲಿ ಚಾಪೆಯ ಮೇಲೆ ಮಕ್ಕಳು ಕುಳಿತರು.

ಈ ಮಾತಿನಲ್ಲಿ ‘ಮೇಲ್ವಿಚಾರಕರು ಹುರುಪಿನವರಾದ ಕಡೆ’ ಎಂಬುದೇ ಮರ್ಮಸ್ಥಾನ. ಒಂದೇ ಯೋಜನೆ, ಒಂದೇ ಅನುದಾನ, ಒಂದೇ ಪುಸ್ತಕಗಳ ಪಟ್ಟಿ; ಒಂದೂರಿನಲ್ಲಿ ಜೀವ ತುಂಬಿತು, ಪಕ್ಕದೂರಿನಲ್ಲಿ ತುಂಬಲಿಲ್ಲ. ವ್ಯತ್ಯಾಸ ಇರುವುದು ಮನುಷ್ಯನಲ್ಲಿ. ಆ ಮನುಷ್ಯನಿಗೆ ತಕ್ಕ ಸಂಬಳ, ತರಬೇತಿ, ಗೌರವಗಳನ್ನು ಕೊಡದೆ ಹುರುಪನ್ನು ಮಾತ್ರ ನಿರೀಕ್ಷಿಸುವುದು ಸಲ್ಲದು. ನಮ್ಮ ಪ್ರಾಥಮಿಕ ಶಾಲೆಗಳಲ್ಲಂತೂ ಗ್ರಂಥಪಾಲನೆಂಬ ಪ್ರತ್ಯೇಕ ವ್ಯಕ್ತಿಯನ್ನು ಕಾಣುವುದೇ ಅಪರೂಪ. ಪಾಠ, ಬಿಸಿಯೂಟ, ಗಣತಿ, ವರದಿಗಳ ನಡುವೆ ಬೀರುವಿನ ಹೊಣೆಯೂ ಉಪಾಧ್ಯಾಯರ ಹೆಗಲಿಗೇ.

ಹರಿದ ಪುಸ್ತಕದ ಭಯ

“ಕೊಟ್ಟರೆ ಹರಿಯುತ್ತಾರೆ, ಕಳೆಯುತ್ತಾರೆ” ಎಂಬ ಭಯಕ್ಕೆ ಸಮಾಧಾನ ಹೇಳಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳಿಗೆ ಸಂಬಂಧಿಸಿದ ಒಂದು ವಿಧಿಯಿದೆ. ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ವರ್ಷದಲ್ಲಿ ಐದು ಕಳೆದುಹೋದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇಲ್ಲದಿದ್ದಲ್ಲಿ, ಅದನ್ನು ಸಹಜವಾದ ನಷ್ಟವೆಂದು ಎಣಿಸಬಹುದೆಂದು ಅದು ಹೇಳುತ್ತದೆ. ಆ ನಿಯಮ ಕೇಂದ್ರದ ಕಚೇರಿಗಳಿಗೆ ಸೇರಿದ್ದೆಂಬುದು ನಿಜ. ಆದರೆ ಲೆಕ್ಕಪತ್ರದಲ್ಲಿ ಅತಿ ಬಿಗಿಯೆಂದು ಹೆಸರಾದ ಹಣಕಾಸು ಇಲಾಖೆಯೇ ಬಳಸಿದ ಪುಸ್ತಕ ಸ್ವಲ್ಪ ಸವೆಯುತ್ತದೆ, ಸ್ವಲ್ಪ ಕಳೆಯುತ್ತದೆ ಎಂದು ಒಪ್ಪಿರುವಾಗ, ಏಳು ವರ್ಷದ ಮಕ್ಕಳ ಶಾಲೆಗೆ ಅದಕ್ಕಿಂತ ಉದಾರವಾದ ನಿಯಮ ಬೇಡವೇ? ಕಳೆದ ಪುಸ್ತಕಕ್ಕೆ ಉಪಾಧ್ಯಾಯರ ಸಂಬಳ ಹೊಣೆಯಲ್ಲವೆಂದು ಮೇಲಿನವರು ಬರವಣಿಗೆಯಲ್ಲಿ ತಿಳಿಸಿಬಿಟ್ಟರೆ, ಎಷ್ಟೋ ಬೀಗಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಹರಿಯುವುದರ ಮಾತೂ ಅಷ್ಟೆ. ಗೋಂದು, ಬಿಳಿಯ ಕಾಗದ, ಸೂಜಿ ದಾರಗಳ ಒಂದು ಪೆಟ್ಟಿಗೆಯನ್ನು ಮಕ್ಕಳ ವಶಕ್ಕೆ ಕೊಟ್ಟು, ತಿಂಗಳಿಗೊಮ್ಮೆ ‘ಪುಸ್ತಕದ ಆಸ್ಪತ್ರೆ’ ನಡೆಸಬಹುದು. ತಾನೇ ಹೊಲಿದ ಪುಸ್ತಕವನ್ನು ಯಾವ ಮಗುವೂ ಮತ್ತೆ ಎಳೆದಾಡುವುದಿಲ್ಲ.

ವಾರಕ್ಕೊಂದು ಗಂಟೆ

ಇನ್ನು ಕಾರ್ಯಕ್ರಮದ ಮಾತು. ವಾರಕ್ಕೊಂದು ಗಂಟೆಯನ್ನು ವೇಳಾಪಟ್ಟಿಯಲ್ಲಿ ಗೊತ್ತುಮಾಡಿ, ಅದನ್ನು ಗಣಿತದ ಪೀರಿಯಡ್ಡಿಗೆ ಸಾಲ ಕೊಡದಿರುವುದೇ ಮೊದಲನೆಯ ನಿಯಮ. ತಿಂಗಳಿಗೊಮ್ಮೆ ಚೀಲವಿಲ್ಲದೆ ಶಾಲೆಗೆ ಬರುವ ‘ಸಂಭ್ರಮ ಶನಿವಾರ’ವೆಂಬ ಏರ್ಪಾಟನ್ನು ಕರ್ನಾಟಕದ ಶಾಲೆಗಳಲ್ಲಿ ಮಾಡಲಾಯಿತು. ಇಂಥ ದಿನಗಳಿಗೆ ಹೇಳಿಮಾಡಿಸಿದ ಕೆಲಸ ಇದು.

ಕೊಠಡಿ ಇಲ್ಲದಿದ್ದರೆ ಬೇಡ. ತರಗತಿಯ ಎರಡು ಕಿಟಕಿಗಳ ನಡುವೆ ಮಕ್ಕಳ ಎದೆಯೆತ್ತರಕ್ಕೆ ಹಗ್ಗ ಕಟ್ಟಿ, ತೆಳ್ಳನೆಯ ಪುಸ್ತಕಗಳನ್ನು ಬಟ್ಟೆಯಂತೆ ತೂಗುಹಾಕಿದರೆ ಮುಖಪುಟಗಳು ಕಾಣುತ್ತವೆ. ಅಕ್ಷರ ಪೂರ್ತಿ ಬಾರದ ಮಗು ಪುಸ್ತಕವನ್ನು ಆರಿಸುವುದು ಮುಖಪುಟದ ಚಿತ್ರದಿಂದ; ಬೀರುವಿನಲ್ಲಿ ಕಾಣುವುದು ಬೆನ್ನು ಮಾತ್ರ.

ಯಾರಿಗೆ ಯಾವ ಪುಸ್ತಕವೆಂಬ ಪ್ರಶ್ನೆಗೆ ಬೆಂಗಳೂರಿನ ಹಿಪ್ಪೋಕ್ಯಾಂಪಸ್ ಸಂಸ್ಥೆ ಒಂದು ಸುಲಭೋಪಾಯವನ್ನು ಬಳಕೆಗೆ ತಂದಿತು. ಪುಸ್ತಕಗಳನ್ನು ಓದಿನ ಕಷ್ಟಕ್ಕೆ ತಕ್ಕಂತೆ ಆರು ಬಣ್ಣಗಳಲ್ಲಿ ವಿಂಗಡಿಸುವುದು: ಹಸಿರು ಎಲ್ಲಕ್ಕಿಂತ ಸುಲಭ, ಬಳಿಕ ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಲ್ಲಕ್ಕಿಂತ ಮೇಲಿನದು. ತರಗತಿ ಯಾವುದೆಂದು ನೋಡುವ ಬದಲು ಮಗು ಓದಬಲ್ಲುದು ಎಷ್ಟೆಂದು ನೋಡುವುದರಿಂದ, ಐದನೆಯ ತರಗತಿಯ ಹುಡುಗನೂ ನಾಚಿಕೆಯಿಲ್ಲದೆ ಹಸಿರಿನಿಂದ ಆರಂಭಿಸಬಹುದು. ಬಣ್ಣದ ಕಾಗದದ ಚೂರು, ಸ್ವಲ್ಪ ಅಂಟು ಇಷ್ಟೇ ಇದಕ್ಕೆ ಬೇಕಾದ ಬಂಡವಾಳ.

ಆ ಗಂಟೆಯಲ್ಲಿ ಮೊದಲು ಹತ್ತು ಹದಿನೈದು ನಿಮಿಷ ಉಪಾಧ್ಯಾಯರು ಗಟ್ಟಿಯಾಗಿ ಓದಿಹೇಳಲಿ. ಚಿತ್ರವನ್ನು ಎಲ್ಲರಿಗೂ ತೋರಿಸಲಿ, “ಮುಂದೇನಾದೀತು?” ಎಂದು ಒಮ್ಮೆ ನಿಲ್ಲಿಸಲಿ. ಬಳಿಕ ಮಕ್ಕಳು ತಮಗೆ ಬೇಕಾದುದನ್ನು ಆರಿಸಿಕೊಳ್ಳಲಿ. ಪುಸ್ತಕ ಕೊಡುವುದು, ವಹಿಯಲ್ಲಿ ಬರೆದುಕೊಳ್ಳುವುದು, ಮರಳಿ ಎಣಿಸಿ ಇಡುವುದು ಇವೆಲ್ಲ ನಾಲ್ಕು ಐದನೆಯ ತರಗತಿಯ ಮಕ್ಕಳದೇ ಕಾರ್ಯಭಾರವಾಗಲಿ. ಉಳಿದ ವೇಳೆಯಲ್ಲಿ ಓದಿದ ಕಥೆಯನ್ನು ಆಡಿ ತೋರಿಸಬಹುದು. ಹಳೆಯ ಕಾಲುಚೀಲದಿಂದ ಬೊಂಬೆ ಮಾಡಬಹುದು. ಹಕ್ಕಿಯ ಪುಸ್ತಕ ಓದಿದ ದಿನ ಹಿತ್ತಲಿನ ಹಕ್ಕಿಗಳನ್ನು ಹೆಸರಿಸಬಹುದು. ಊರಿನ ಅಜ್ಜಿಯೊಬ್ಬರನ್ನು ಕರೆಸಿ ಅವರು ಹೇಳಿದ ಕಥೆಯನ್ನು ಮಕ್ಕಳೇ ಬರೆದು, ಚಿತ್ರ ಬಿಡಿಸಿ, ಹೊಲಿದು ಕಪಾಟಿಗೆ ಸೇರಿಸಿದರೆ ಆ ಶಾಲೆ ಪ್ರಕಾಶನ ಸಂಸ್ಥೆಯೂ ಆಯಿತು!

ಮಾಡಬಾರದ ಕೆಲಸಗಳೂ ಕೆಲವಿವೆ. ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಸಬಾರದು. ಯಾರು ಹೆಚ್ಚು ಓದಿದರೆಂದು ಸ್ಪರ್ಧೆ ಹೂಡಬಾರದು. ತಪ್ಪು ಮಾಡಿದವನಿಗೆ ಗ್ರಂಥಾಲಯದ ಗಂಟೆಯನ್ನು ತಪ್ಪಿಸುವ ಶಿಕ್ಷೆ ಕೊಡಬಾರದು. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ನಮಗೆ ಇರುವಂತೆ ಮಗುವಿಗೂ ಇರಲಿ. ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಕೊಡಬೇಕು. ಅದು ಮಗುವಿನ ನೆಚ್ಚಿನ ಕಥೆ.

ಮನೆಯವರ ಪಾಲು

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಪುಸ್ತಕಕ್ಕೆ ಪ್ರೀತಿಯಿದೆ. ವಾರವಾರ ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವ ಸುಖವನ್ನು ಬಲ್ಲವರಿಗೆ ಕಥೆಯ ಶಕ್ತಿಯನ್ನು ಬೇರೆ ಹೇಳಬೇಕೆ? ಆ ಸುಖದಲ್ಲಿ ಮಕ್ಕಳಿಗೂ ಪಾಲು ಕೊಡಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಸ್ವಚ್ಛವಾದ ಕನ್ನಡವನ್ನಾಡುತ್ತಾರೆ. ಆದರೆ ಕನ್ನಡದ ಒಂದು ಪುಟವನ್ನು ಎಡವದೆ ಓದಲಾರರು. ಅವರಿಗೆ ವ್ಯಾಕರಣದ ಪಾಠ ಬೇಡ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಮೊಬೈಲನ್ನು ಬದಿಗಿಟ್ಟು, ತಾಯಿಯೋ ತಂದೆಯೋ ಅಜ್ಜನೋ ಒಂದು ಕನ್ನಡ ಕಥೆಯನ್ನು ಬೆರಳಿಟ್ಟು ಓದಿಹೇಳಿದರೆ ಸಾಕು. ಬೆರಳನ್ನು ಹಿಂಬಾಲಿಸುತ್ತ ಹಿಂಬಾಲಿಸುತ್ತ ಮಗು ಒಂದು ದಿನ, “ಮುಂದಿನ ಪುಟ ನಾನು ಓದುತ್ತೇನೆ” ಎನ್ನುತ್ತದೆ.

ಮನೆಯ ಹೊರಗೂ ಕೆಲಸವುಂಟು. ಕರ ಕಟ್ಟಿದವರೆಂಬ ಹಕ್ಕಿನಿಂದ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದೊಯ್ದು ಸದಸ್ಯರನ್ನಾಗಿ ಮಾಡಿಸಬೇಕು. ಮಕ್ಕಳ ಪುಸ್ತಕಗಳು ಸಾಲದೆಂದರೆ ವಿನಯದಿಂದ, ಆದರೆ ಬಿಡದೆ ಕೇಳಬೇಕು. ಹತ್ತಿರದ ಸರ್ಕಾರಿ ಶಾಲೆಗೆ ಪುಸ್ತಕ ದಾನ ಮಾಡುವವರು ಅಟ್ಟದ ಮೇಲಿನ ಹಳೆಯ ಗೈಡುಗಳನ್ನು ಸಾಗಿಸದೆ, ನಮ್ಮ ಮಕ್ಕಳಿಗೆ ನಾವು ಕೊಳ್ಳುವಂಥ ಹತ್ತು ಹೊಸ ಚಿತ್ರಪುಸ್ತಕಗಳನ್ನು ಕೊಡಬೇಕು. ಪುಸ್ತಕಕ್ಕಿಂತ ದೊಡ್ಡ ದಾನ ವೇಳೆಯದು. ನಿವೃತ್ತರಾದವರು, ಗೃಹಿಣಿಯರು, ಕಾಲೇಜಿನ ತರುಣ ತರುಣಿಯರು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ವಾರಕ್ಕೊಂದು ಗಂಟೆ ಶಾಲೆಗೆ ಹೋಗಿ ಕಥೆ ಓದಿಹೇಳಬಹುದು. ಬೀರುವಿನ ಹೊಣೆಯನ್ನು ಒಬ್ಬರೇ ಹೊತ್ತು ಬಳಲಿದ ಉಪಾಧ್ಯಾಯರಿಗೆ ಇದರಿಂದ ಎಷ್ಟು ಧೈರ್ಯ ಬರುತ್ತದೆಂಬುದನ್ನು ಹೋಗಿ ನೋಡಿದವರೇ ಬಲ್ಲರು.

ಇದಕ್ಕೆ ಯಾವ ಹೊಸ ಯೋಜನೆಯ ಉದ್ಘಾಟನೆಗೂ ಕಾಯಬೇಕಾಗಿಲ್ಲ. ಪುಸ್ತಕಗಳು ಆಗಲೇ ಬಂದಿವೆ, ಕರವನ್ನು ಆಗಲೇ ಕಟ್ಟಿದ್ದೇವೆ, ಮಕ್ಕಳು ಆಗಲೇ ಕಾದಿದ್ದಾರೆ. ಈ ವರ್ಷ ಮೂರನೆಯ ತರಗತಿಯಲ್ಲಿರುವ ಮಗು ಮುಂದಿನ ವರ್ಷ ನಾಲ್ಕಕ್ಕೆ ಹೋಗುತ್ತದೆ. ಅದು ನಮಗಾಗಿ ಕಾಯುವುದಿಲ್ಲ. ನಿಮ್ಮ ಮನೆಗೆ ಎಲ್ಲಕ್ಕಿಂತ ಹತ್ತಿರವಾದ ಪ್ರಾಥಮಿಕ ಶಾಲೆ ಯಾವುದು? ಮುಂದಿನ ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಕೇಳುವುದರಿಂದ ಆರಂಭಿಸಬಹುದು.